ಹಚ್ಚಿದರೆ ಮಾಯ, ಬಿಟ್ಟರೆ ಮತ್ತೆ: ಮಗುವಿನ ತೊಡೆಸಂದಿನ ಯೀಸ್ಟ್ ಸೋಂಕು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಮಗಳಿಗೆ ಈಗ 16 ತಿಂಗಳು. ಮಳೆ ಹಿಡಿದ ಹೊಸತರಲ್ಲಿ ಅವಳಿಗೆ ಜ್ವರ, ಕಿವಿನೋವು ಬಂದು 7 ದಿನ ಆಂಟಿಬಯಾಟಿಕ್ ಸಿರಪ್ ಕುಡಿಸಿದೆವು. ನಡುವೆ ನಾಲ್ಕು ದಿನ ಭೇದಿಯೂ ಆಯಿತು. ಅದು ನಿಂತ ಮೇಲೆ ತೊಡೆಸಂದು ಕೆಂಪಗಾಗಿ ಸುತ್ತಲೂ ಸಣ್ಣ ಗುಳ್ಳೆಗಳು ಎದ್ದವು. ಪೇಟೆಯ ಔಷಧಿ ಅಂಗಡಿಯಲ್ಲಿ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯಿತು. ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ಜೋರಾಗಿ ಮರಳಿತು. ಹೀಗೆ ಮೂರು ಸಲ ಆಗಿ ಈಗ ಐದು ವಾರ ಕಳೆದಿದೆ. ಅತ್ತೆಯವರು ಇದು ಉಷ್ಣ, ಡೈಪರಿನಿಂದಲೇ ಬಂದದ್ದು ಎಂದು ಅರಿಶಿನ, ತೆಂಗಿನೆಣ್ಣೆ ಹಚ್ಚುತ್ತಾರೆ. ನಾನು ಪೌಡರ್ ಹಾಕುತ್ತೇನೆ. ಮೂತ್ರ ಮಾಡಿದಾಗಲೆಲ್ಲ ಮಗು ಚೀರುತ್ತದೆ. ಇದು ಯೀಸ್ಟ್ ಸೋಂಕು ಇರಬಹುದೆಂದು ಪರಿಚಯದ ನರ್ಸ್ ಒಬ್ಬರು ಹೇಳಿದರು. ಮನೆಯಲ್ಲಿಯೇ ಇದನ್ನು ಶಮನ ಮಾಡುವುದು ಹೇಗೆ? ಡೈಪರ್ ಪೂರ್ತಿ ಬಿಡಬೇಕೆ? ಇಡ್ಲಿ, ಬ್ರೆಡ್ ಕೊಡುವುದನ್ನು ನಿಲ್ಲಿಸಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಘಟನೆಗಳು ನಡೆದಿರುವ ಕ್ರಮವನ್ನೇ ನೋಡಿದರೆ ಕಾಯಿಲೆಯ ಅರ್ಧ ಕಥೆ ತಿಳಿಯುತ್ತದೆ. ಮೊದಲು ಆಂಟಿಬಯಾಟಿಕ್, ಆಮೇಲೆ ಭೇದಿ, ಅದರ ಬೆನ್ನಿಗೆ ಸಂದಿನಲ್ಲಿ ಕೆಂಪು. ಕ್ಯಾಂಡಿಡಾ ಎಂಬ ಯೀಸ್ಟ್, ಎಂದರೆ ಒಂದು ಬಗೆಯ ಶಿಲೀಂಧ್ರ, ಹೊರಗಿನಿಂದ ಬಂದು ಮಗುವಿನ ಮೇಲೆ ಎರಗಿದ್ದಲ್ಲ. ಅದು ನಮ್ಮ ನಿಮ್ಮೆಲ್ಲರ ಕರುಳಿನಲ್ಲಿ, ಬಾಯಿಯಲ್ಲಿ ಸದ್ದಿಲ್ಲದೆ ಇರುವಂಥದ್ದು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ತಲೆ ಎತ್ತಗೊಡದೆ ಇಟ್ಟಿರುತ್ತವೆ. ಆಂಟಿಬಯಾಟಿಕ್ ಆ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು ತಗ್ಗಿಸಿದಾಗ ಯೀಸ್ಟ್ ಹೆಚ್ಚುತ್ತದೆ, ಮಲದೊಡನೆ ಹೊರಬಂದು ಚರ್ಮಕ್ಕೆ ತಗಲುತ್ತದೆ. ಆದರೆ ತಗಲಿದ ಮಾತ್ರಕ್ಕೆ ಅದು ಬೇರೂರುವುದಿಲ್ಲ. ಅದಕ್ಕೆ ಒದ್ದೆಯಾಗಿ ಮೆತ್ತಗಾದ, ಮೇಲ್ಪದರ ಸವೆದ ಚರ್ಮ ಬೇಕು. ಮೂತ್ರ ಮತ್ತು ಮಲ ಒಂದೆಡೆ ಕೂಡಿ ಬಹಳ ಹೊತ್ತು ಉಳಿದಾಗ ಅಮೋನಿಯಾ ಹುಟ್ಟಿ ಚರ್ಮದ ಸಹಜವಾದ ಹುಳಿ ಗುಣ ಕಡಿಮೆಯಾಗುತ್ತದೆ. ಹುಳಿ ಕಡಿಮೆಯಾದಷ್ಟೂ ಮಲದಲ್ಲಿರುವ ಜೀರ್ಣಕಾರಿ ಕಿಣ್ವಗಳು ಚುರುಕಾಗಿ, ಅನ್ನವನ್ನು ಅರಗಿಸುವಂತೆಯೇ ಚರ್ಮದ ಮೇಲ್ಪದರವನ್ನೂ ಅರಗಿಸತೊಡಗುತ್ತವೆ. ನಾಲ್ಕು ದಿನದ ಭೇದಿ ಮಾಡಿದ ಕೆಲಸ ಇದು. ಮಲೆನಾಡಿನ ಮಳೆಗಾಲದಲ್ಲಿ ಮೂಲೆಗಿಟ್ಟ ಚಪ್ಪಲಿಗೆ ಹೇಗೆ ಬೂಸ್ಟು ಹಿಡಿಯುತ್ತದೆಯೋ, ಗಾಳಿಯಾಡದ ಒದ್ದೆ ಸಂದಿನಲ್ಲಿ ಯೀಸ್ಟ್ ಹಾಗೆಯೇ ಹಬ್ಬುತ್ತದೆ.

ಔಷಧದ ಮಾತಿಗೆ ಬರುವ ಮೊದಲು ಇದು ಯೀಸ್ಟ್ ಹೌದೇ ಎಂಬುದನ್ನು ನೀವೇ ಒಮ್ಮೆ ನೋಡಿಕೊಳ್ಳಬೇಕು. ಟ್ಯೂಬ್‌ಲೈಟಿನ ಕೆಳಗೆ ಅಲ್ಲ, ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಮಗುವನ್ನು ಮಲಗಿಸಿ, ತೊಡೆಯ ಮಡಿಕೆಯನ್ನು ಎರಡು ಬೆರಳಿನಿಂದ ಮೆಲ್ಲನೆ ಬಿಡಿಸಿ ನೋಡಿ. ಬರಿಯ ಮೂತ್ರ, ಉಜ್ಜಾಟಗಳಿಂದಾದ ಕೆಂಪು ಡೈಪರ್ ತಾಗುವ ಉಬ್ಬುಭಾಗಗಳಲ್ಲಿ, ಎಂದರೆ ಪೃಷ್ಠ, ಕೆಳಹೊಟ್ಟೆ, ಒಳತೊಡೆಗಳಲ್ಲಿ ಇರುತ್ತದೆ. ಮಡಿಕೆಯ ಆಳದಲ್ಲಿ ಚರ್ಮ ಹೆಚ್ಚುಕಡಿಮೆ ಸರಿಯಾಗಿಯೇ ಉಳಿದಿರುತ್ತದೆ. ಯೀಸ್ಟಿನದು ಇದಕ್ಕೆ ತಿರುಗು ಮುರುಗು. ಮಡಿಕೆಯ ಆಳದಲ್ಲಿಯೇ ಕೆಂಪು ಗಾಢವಾಗಿದ್ದು, ಹಸಿಮಾಂಸದಂತೆ ಮಿರುಗುತ್ತದೆ. ಅಂಚು ಸ್ಪಷ್ಟವಾಗಿ, ಗೆರೆ ಎಳೆದ ಹಾಗೆ ಇದ್ದು, ಆ ಅಂಚಿನಲ್ಲಿ ತೆಳುವಾದ ಬಿಳಿ ಸಿಪ್ಪೆ ಕಾಣುತ್ತದೆ. ಇನ್ನೊಂದು ಗುರುತು ಇನ್ನೂ ಮುಖ್ಯವಾದದ್ದು: ದೊಡ್ಡ ಕೆಂಪು ಭಾಗದಿಂದ ಒಂದೆರಡು ಬೆರಳಿನ ದೂರದಲ್ಲಿ, ರಂಗೋಲಿಗೆ ಇಟ್ಟ ಚುಕ್ಕಿಗಳಂತೆ ಬಿಡಿ ಬಿಡಿಯಾದ ಕೆಂಪು ಬೊಕ್ಕೆಗಳು ಚದುರಿರುತ್ತವೆ. ನೀವು ಬರೆದಿರುವ 'ಸುತ್ತಲೂ ಸಣ್ಣ ಗುಳ್ಳೆಗಳು' ಇವೇ ಎಂದು ನನ್ನ ಅಂದಾಜು. ಮಗುವಿನ ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕೆಂಪಾಗಿ ಕಾಣದೆ ಕಂದು ಅಥವಾ ನೇರಳೆಯ ಛಾಯೆಯಲ್ಲಿ ಕಾಣಬಹುದು. ಆಗ ಬಣ್ಣಕ್ಕಿಂತ ಅಂಚನ್ನೂ ಚುಕ್ಕಿಗಳನ್ನೂ ನಂಬುವುದು ಮೇಲು. ಯಾವುದೇ ಡೈಪರ್ ರ‍್ಯಾಶ್ ಮೂರು ದಿನದ ಆರೈಕೆಗೂ ಬಗ್ಗದಿದ್ದರೆ ಅದರಲ್ಲಿ ಯೀಸ್ಟ್ ಸೇರಿಕೊಂಡಿದೆಯೆಂದು ವೈದ್ಯರು ಅನುಮಾನಿಸುತ್ತಾರೆ. ನಿಮ್ಮದು ಐದು ವಾರ.

ಈಗ ಆ ಟ್ಯೂಬು. ಅದರ ಹೆಸರನ್ನು ನೀವು ಬರೆದಿಲ್ಲ. ಆದರೂ ಎರಡು ದಿನಕ್ಕೆ ಮಾಯವಾಗಿ ಬಿಟ್ಟ ವಾರಕ್ಕೆ ದುಪ್ಪಟ್ಟಾಗುವ ಈ ಆಟವನ್ನು ನಾನು ಎಷ್ಟೋ ಮಕ್ಕಳಲ್ಲಿ ನೋಡಿರುವುದರಿಂದ, ಅದರೊಳಗೆ ಏನಿದೆ ಎಂಬುದನ್ನು ಊಹಿಸುವುದು ನನಗೆ ಕಷ್ಟವಲ್ಲ. ಅದು ಮಿಶ್ರಣದ ಕ್ರೀಮು: ಶಿಲೀಂಧ್ರವನ್ನು ಕೊಲ್ಲುವ ಒಂದು ಔಷಧ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು, ಇವುಗಳ ಜೊತೆಗೆ ತೀಕ್ಷ್ಣವಾದ ಒಂದು ಸ್ಟೀರಾಯ್ಡ್. ಸ್ಟೀರಾಯ್ಡ್ ಉರಿಯೂತವನ್ನು ಥಟ್ಟನೆ ಇಳಿಸುತ್ತದೆ, ಕೆಂಪು ಹೋಗುತ್ತದೆ, ಮನೆಯವರು ಗುಣವಾಯಿತೆಂದು ಟ್ಯೂಬನ್ನು ಕಪಾಟಿಗೆ ಸೇರಿಸುತ್ತಾರೆ. ಆದರೆ ಚರ್ಮದ ರಕ್ಷಣೆಯನ್ನು ಸ್ಟೀರಾಯ್ಡ್ ಕುಗ್ಗಿಸಿರುವುದರಿಂದ ಎರಡು ದಿನದಲ್ಲಿ ಸಾಯದೆ ಉಳಿದ ಯೀಸ್ಟ್ ಮೊದಲಿಗಿಂತ ಸಲೀಸಾಗಿ ಹರಡುತ್ತದೆ. ಅಲ್ಲದೆ ಡೈಪರಿನ ಕೆಳಗೆ, ಗಾಳಿಯಾಡದ ತೆಳುಚರ್ಮದ ಮೇಲೆ ಹಚ್ಚಿದ ಸ್ಟೀರಾಯ್ಡ್ ತೆರೆದ ಚರ್ಮದ ಮೇಲೆ ಹಚ್ಚಿದ್ದಕ್ಕಿಂತ ಎಷ್ಟೋ ಹೆಚ್ಚಾಗಿ ಮೈಯೊಳಗೆ ಇಳಿಯುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳ್ಳಗಾಗುವುದು, ಸಂದಿನಲ್ಲಿ ಗಟ್ಟಿ ಗಂಟುಗಳು ಏಳುವುದು, ಕೆಲವೊಮ್ಮೆ ಮಗುವಿನ ಕೆನ್ನೆ ಅಸಹಜವಾಗಿ ಊದಿಕೊಂಡು ಬೆಳವಣಿಗೆ ಕುಂಠಿತವಾಗುವುದು, ಇವೆಲ್ಲ ಆಗುವಂಥವೇ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರವು 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಶೆಡ್ಯೂಲ್ ಎಚ್ ಕಟ್ಟುಪಾಡಿಗೆ ತಂದಿದೆ. ಆದರೂ 'ಮಗುವಿಗೆ ಸಂದಿನಲ್ಲಿ ಕೆಂಪಾಗಿದೆ' ಎಂದರೆ ಸಾಕು, ಚೀಟಿ ಕೇಳದೆ ಟ್ಯೂಬು ಕೈಗೆ ಬರುವುದು ನಿಂತಿಲ್ಲ.

ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧಗಳ ಹೆಸರನ್ನು ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಇವುಗಳಲ್ಲಿ ಯಾವುದಿದ್ದರೂ ಅದು ನಿಮ್ಮ ಮಗುವಿನ ಸಂದಿಗೆ ಸಲ್ಲದ ಟ್ಯೂಬು. ನಿಮಗೆ ಬೇಕಾಗಿರುವುದು ಕ್ಲೊಟ್ರಿಮಝೋಲ್ 1 ಶೇಕಡಾ ಎಂದು ಮಾತ್ರ ಬರೆದಿರುವ ಒಂಟಿ ಔಷಧ. ಮೈಕೊನಝೋಲ್ ಆದರೂ ಸರಿ, ಸಿಗುವ ಕಡೆ ನಿಸ್ಟಾಟಿನ್ ಆದರೂ ಸರಿ. ಇಲ್ಲೊಂದು ಎಚ್ಚರಿಕೆ: ಕ್ಲೊಬೆಟಸಾಲ್, ಕ್ಲೊಟ್ರಿಮಝೋಲ್ ಎರಡೂ 'ಕ್ಲೊ' ಎಂದೇ ಶುರುವಾಗುತ್ತವೆ. ಫೋನಿನಲ್ಲಿ ಹೇಳಿ ತರಿಸಿದಾಗ ಒಂದರ ಬದಲು ಇನ್ನೊಂದು ಮನೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಿ.

ಐದು ವಾರ ಆಗಿರುವುದರಿಂದಲೂ ಸ್ಟೀರಾಯ್ಡ್ ಮೂರು ಸುತ್ತು ಹಚ್ಚಿರುವ ಸಂಭವ ಇರುವುದರಿಂದಲೂ, ಔಷಧ ಆರಂಭಿಸುವ ಮೊದಲು ಮಗುವನ್ನು ಒಮ್ಮೆ ಮಕ್ಕಳ ವೈದ್ಯರಿಗೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಮುಜುಗರ ಬೇಡ. ನೀವು ಬಾಯಲ್ಲಿ ಹೇಳುವುದಕ್ಕಿಂತ ಆ ಚೀಲ ಹೆಚ್ಚು ಹೇಳುತ್ತದೆ. ಉರಿಯೂತ ವಿಪರೀತವಾಗಿದ್ದರೆ ವೈದ್ಯರೇ ಸೌಮ್ಯವಾದ ಹೈಡ್ರೊಕಾರ್ಟಿಸೋನನ್ನು ಕೆಲವೇ ದಿನಗಳ ಮಟ್ಟಿಗೆ ಬರೆಯಬಹುದು; ಅದು ಬೇರೆ ಮಾತು, ಅದಕ್ಕೆ ಲೆಕ್ಕವಿರುತ್ತದೆ.

ಇನ್ನು ಮನೆಯ ಆರೈಕೆ. ಇದರಲ್ಲಿ ಔಷಧದಷ್ಟೇ, ನನ್ನನ್ನು ಕೇಳಿದರೆ ಔಷಧಕ್ಕಿಂತ ಒಂದು ಕೈ ಹೆಚ್ಚಾಗಿ, ಒಣಗಿಸುವುದು ಮುಖ್ಯ. ಮಲ ಮಾಡಿದ ಕೂಡಲೇ, ಇಲ್ಲದಿದ್ದರೂ ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಡೈಪರ್ ಬದಲಿಸಬೇಕು. ಸೋಂಕು ವಾಸಿಯಾಗುವ ತನಕ ರಾತ್ರಿಯೂ ಒಮ್ಮೆ ಎದ್ದು ಬದಲಿಸುವುದು ಅನಿವಾರ್ಯ. ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಚೊಂಬಿನಿಂದ ಮೆಲ್ಲನೆ ಸುರಿಯಿರಿ. ಮಲ ಅಂಟಿಕೊಂಡಿದ್ದರೆ ಹಳೆಯ ಪಂಚೆಯ ಮೆತ್ತನೆಯ ತುಂಡನ್ನು ನೆನೆಸಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸೋಪು ದಿನಕ್ಕೊಮ್ಮೆ ಸ್ನಾನದಲ್ಲಿ ಮಾತ್ರ. ಸುವಾಸನೆಯ ವೈಪ್ಸ್ ಈ ಕೆಲವು ವಾರ ಮನೆಯಲ್ಲಿ ಇಲ್ಲದಿರುವುದೇ ಒಳ್ಳೆಯದು. ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ದ್ರಾವಣ ಬೆರೆಸುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ. ಸವೆದ ಚರ್ಮಕ್ಕೆ ಅದು ಉರಿ ಕೊಡುತ್ತದೆ. ಎಣ್ಣೆ ಹಚ್ಚಿ ಕಡಲೆಹಿಟ್ಟಿನಿಂದ ತಿಕ್ಕಿ ಎರೆಯುವ ಮನೆಗಳಲ್ಲಿ ಕೈಕಾಲು ಬೆನ್ನಿಗೆ ಆ ವೈಭವ ನಡೆಯಲಿ, ಸೊಂಟದ ಕೆಳಗೆ ಬೇಡ.

ತೊಳೆದ ಮೇಲೆ ಒಣ ಬಟ್ಟೆಯಿಂದ ಒತ್ತಿ ಒರೆಸಿ, ಮಡಿಕೆಗಳನ್ನು ಬಿಡಿಸಿ ಹಿಡಿದು ಗಾಳಿಗೆ ಒಣಗಲು ಬಿಡಿ. ದಿನಕ್ಕೆ ಮೂರು ನಾಲ್ಕು ಸಲ, ಅರ್ಧ ಅರ್ಧ ಗಂಟೆಯಾದರೂ ಮಗು ಬರಿಮೈಯಲ್ಲಿ ಆಡಿಕೊಂಡಿರಲಿ. ನೆಲಕ್ಕೆ ಹಳೆಯ ಕೌದಿ ಹಾಸಿದರೆ ಆಯಿತು, ಒದ್ದೆಯಾದರೆ ತೊಳೆಯಬಹುದು. ಉಡಿದಾರವೊಂದನ್ನೇ ಕಟ್ಟಿಕೊಂಡು ಮಕ್ಕಳು ಅಂಗಳದ ತುಂಬ ಓಡಾಡುತ್ತಿದ್ದ ಕಾಲದಲ್ಲಿ ಈ ಕಾಯಿಲೆಗೆ ಇಷ್ಟು ಆಸ್ಪದ ಇರಲಿಲ್ಲ. ಉಡಿದಾರದ ಮಾತು ಬಂದದ್ದರಿಂದ ಹೇಳುತ್ತೇನೆ: ಡೈಪರಿನ ಪಟ್ಟಿಯ ಕೆಳಗೆ ಸಿಕ್ಕಿಕೊಂಡ ಕಪ್ಪು ದಾರ ಸ್ನಾನದ ನೀರನ್ನು ಹೀರಿಕೊಂಡು ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ವಾಸಿಯಾಗುವ ತನಕ ಬಿಚ್ಚಿಡಿ. ಅತ್ತೆಯವರು ಒಪ್ಪದಿದ್ದರೆ ಹೊಸ ದಾರವನ್ನು ಸಡಿಲವಾಗಿ ಕಟ್ಟಿ, ಪ್ರತಿ ಸಲ ಒರೆಸಿ ಒಣಗಿಸಿ.

ಚರ್ಮ ಪೂರ್ತಿ ಒಣಗಿದ ಮೇಲೆ ಕ್ಲೊಟ್ರಿಮಝೋಲ್ ಕ್ರೀಮನ್ನು ದಿನಕ್ಕೆ ಎರಡು ಸಲ, ಅಥವಾ ನಿಮ್ಮ ವೈದ್ಯರು ಹೇಳಿದಷ್ಟು ಸಲ, ತೆಳ್ಳಗೆ ಹಚ್ಚಬೇಕು. ಕೆಂಪಾದ ಜಾಗಕ್ಕೆ ಮಾತ್ರ ಹಚ್ಚಿ ನಿಲ್ಲಿಸಿದರೆ ಹೊರಗೆ ಚದುರಿದ ಚುಕ್ಕಿಗಳು ಉಳಿದುಕೊಳ್ಳುತ್ತವೆ, ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಆದ್ದರಿಂದ ಅಂಚಿನಿಂದ ಒಂದು ಬೆರಳಿನಷ್ಟು ಆಚೆಗೂ, ಕೊನೆಯ ಚುಕ್ಕಿಯ ಮೇಲೂ ಅದು ತಲುಪಬೇಕು. ಕ್ರೀಮು ಹೀರಿಕೊಳ್ಳಲು ಕೆಲವು ನಿಮಿಷ ಬಿಟ್ಟು, ಅದರ ಮೇಲೆ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪಗೆ, ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿ. ಈ ಕ್ರಮ ಅದಲು ಬದಲಾಗಬಾರದು. ಜಿಂಕ್ ಕೆಳಗೆ, ಔಷಧ ಮೇಲೆ ಆದರೆ ಔಷಧ ಚರ್ಮವನ್ನು ಮುಟ್ಟುವುದೇ ಇಲ್ಲ. ಜಿಂಕ್ ಯೀಸ್ಟನ್ನು ಕೊಲ್ಲುವುದಕ್ಕಲ್ಲ, ಮೂತ್ರ ಮತ್ತು ಚರ್ಮದ ನಡುವೆ ಗೋಡೆಯಾಗಿ ನಿಲ್ಲುವುದಕ್ಕೆ. ನಿಮ್ಮ ಮಗಳ ಚೀರಾಟ ಮೊದಲು ಕಡಿಮೆಯಾಗುವುದು ಇದರಿಂದಲೇ. ಪ್ರತಿ ಸಲ ಅದನ್ನು ಪೂರ್ತಿ ಕೆರೆದು ತೆಗೆಯಲು ಹೋಗಬೇಡಿ. ಮೇಲೆ ಕೊಳೆಯಾದ ಪದರವನ್ನಷ್ಟೇ ಒರೆಸಿ ಮತ್ತೆ ಮೆತ್ತಿ. ಮುಂದಿನ ಸುತ್ತು ಔಷಧ ಹಚ್ಚುವಾಗ ಹತ್ತಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ.

ಕೆಲವೇ ದಿನಗಳಲ್ಲಿ ಕೆಂಪು ತಿಳಿಯಾಗತೊಡಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಚರ್ಮ ಮೊದಲಿನಂತಾಯಿತೆಂದು ಕಂಡ ಮೇಲೂ ಔಷಧವನ್ನು ಇನ್ನೂ ಕೆಲವು ದಿನ, ಸಾಮಾನ್ಯವಾಗಿ ಒಟ್ಟು ಎರಡು ವಾರದವರೆಗೆ ಮುಂದುವರಿಸಬೇಕು. ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ದಿನಗಳಲ್ಲಿ ಕೆಂಪು ತುಸು ಕೆರಳಬಹುದು. ಅದಕ್ಕೆ ಹೆದರಿ ಮತ್ತೆ ಹಳೆಯ ಟ್ಯೂಬಿಗೆ ಕೈ ಹಾಕಬೇಡಿ, ವೈದ್ಯರಿಗೆ ಒಂದು ಫೋನ್ ಮಾಡಿ.

ಡೈಪರನ್ನು ಪೂರ್ತಿ ಬಿಡಬೇಕಾಗಿಲ್ಲ. ಈಗ ಹಾಕುವುದಕ್ಕಿಂತ ಒಂದು ಅಳತೆ ದೊಡ್ಡದನ್ನು ತಂದು, ಎರಡು ಬೆರಳು ಆಡುವಷ್ಟು ಸಡಿಲವಾಗಿ ಹಾಕಿ. ಹಾಲು, ಊಟ ಆದ ಮೇಲೆ ಮಗುವನ್ನು ಪಾದಗಳ ಮೇಲೆ ಕೂರಿಸಿಕೊಂಡು ಮಲ ಮಾಡಿಸುವ ರೂಢಿ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ. ಮಲ ಡೈಪರಿಗೆ ಬೀಳದಿದ್ದರೆ ಅರ್ಧ ಯುದ್ಧ ಗೆದ್ದಂತೆ. ಆ ಹೊಣೆಯನ್ನು ಅವರಿಗೇ ವಹಿಸಿ.

ಅತ್ತೆಯವರ 'ಉಷ್ಣ'ದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮುಚ್ಚಿದ ಜಾಗದ ಬಿಸಿ, ಬೆವರು, ಒದ್ದೆಯನ್ನೇ ಅವರು ಆ ಹೆಸರಿನಿಂದ ಕರೆಯುತ್ತಿದ್ದರೆ ಅವರು ಸರಿಯಾಗಿಯೇ ಹೇಳುತ್ತಿದ್ದಾರೆ. ತೆಂಗಿನೆಣ್ಣೆ ಕೆಡುಕೇನೂ ಮಾಡದು, ಒಣ ಚರ್ಮಕ್ಕೆ ಹಿತವೇ. ಆದರೆ ಐದು ವಾರದ ಯೀಸ್ಟನ್ನು ಅದು ತೆಗೆದುಹಾಕುತ್ತದೆಂದು ಕಾಯುತ್ತ ಕೂರಬಾರದು. ಅರಿಶಿನ ಬೇಡ. ಅಂಗಡಿಯ ಪುಡಿಯಲ್ಲಿ ಏನೇನು ಬೆರೆತಿದೆಯೋ ತಿಳಿಯದು, ಹಸಿ ಚರ್ಮಕ್ಕೆ ಉರಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಹಳದಿಯ ಕೆಳಗೆ ಕೆಂಪು ಹೆಚ್ಚಿತೋ ಇಳಿಯಿತೋ ವೈದ್ಯರಿಗೂ ಕಾಣುವುದಿಲ್ಲ. ನಿಮ್ಮ ಪೌಡರೂ ಬೇಡ. ಒದ್ದೆಯಾದ ಪೌಡರು ಮಡಿಕೆಯಲ್ಲಿ ಉಂಡೆ ಕಟ್ಟಿ ಉಜ್ಜುತ್ತದೆ. ಡಬ್ಬಿ ಕೊಡವಿದಾಗ ಏಳುವ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋದರೆ ಅಪಾಯ. ಅಡುಗೆ ಸೋಡಾ ಹಚ್ಚಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ: ಹಾನಿಗೊಂಡ ಚರ್ಮದ ಮೂಲಕ ಅದು ರಕ್ತಕ್ಕೆ ಸೇರಿ ಲವಣಗಳ ಸಮತೋಲ ಕೆಟ್ಟ ಶಿಶುಗಳ ಪ್ರಕರಣ ವೈದ್ಯಕೀಯ ದಾಖಲೆಯಲ್ಲಿದೆ. ವಿನೆಗರ್ ಸುಡುತ್ತದೆ. ಸ್ನಾನದ ಬಳಿಕ ಸಾಂಬ್ರಾಣಿ ಹೊಗೆಗೆ ಸಂದು ಹಿಡಿಯುವುದೂ ಬೇಡ. ಒಣಗುವುದಕ್ಕಿಂತ ಕೆಮ್ಮುವುದೇ ಹೆಚ್ಚು.

ಇಡ್ಲಿ, ಬ್ರೆಡ್ಡಿನ ಪ್ರಶ್ನೆಯನ್ನು ನನಗೆ ತಿಂಗಳಿಗೊಬ್ಬರಾದರೂ ಕೇಳುತ್ತಾರೆ. ಬ್ರೆಡ್ಡಿಗೆ ಹಾಕುವ ಯೀಸ್ಟಿಗೂ ಕ್ಯಾಂಡಿಡಾಕ್ಕೂ ದೂರದ ನೆಂಟಸ್ತನವಷ್ಟೇ. ಬೇಯಿಸಿದ ಮೇಲೆ ಅದು ಬದುಕಿಯೂ ಇರುವುದಿಲ್ಲ. ಮಗು ಏನು ಉಣ್ಣುತ್ತಿದೆಯೋ ಉಣ್ಣಲಿ. ಮಲ ತೆಳ್ಳಗಿರುವಾಗ ಹುಳಿ ಹಣ್ಣಿನ ರಸ ಮಾತ್ರ ಕಡಿಮೆ ಮಾಡಿ.

ಸರಿಯಾದ ಔಷಧವನ್ನು ಒಂದು ವಾರ ಸರಿಯಾಗಿ ಹಚ್ಚಿದರೂ ಇಳಿಯದಿದ್ದರೆ, ಜ್ವರ ಬಂದರೆ, ನೀರ್ಗುಳ್ಳೆ, ಕೀವು, ರಕ್ತ ಒಸರುವ ಹುಣ್ಣು ಕಂಡರೆ, ಕೆಂಪು ಹೊಟ್ಟೆ ಎದೆಗಳಿಗೆ ಏರಿದರೆ ಮನೆಯ ಆರೈಕೆಯನ್ನು ನೆಚ್ಚಿ ಕೂರಬಾರದು. ಗುದದ್ವಾರದ ಸುತ್ತ ಮಾತ್ರ ಎದ್ದು ಕಾಣುವ ಕೆಂಪಿದ್ದು ಮಲ ಮಾಡುವಾಗ ವಿಪರೀತ ನೋವಾದರೆ ಅದು ಬ್ಯಾಕ್ಟೀರಿಯಾದ ಸೋಂಕಿರಬಹುದು. ಸಂದಿನ ಜೊತೆಗೆ ಬಾಯಿಯ ಸುತ್ತಲೂ ಕೈಬೆರಳುಗಳ ಮೇಲೂ ಸಿಪ್ಪೆ ಏಳುತ್ತಿದ್ದು, ಭೇದಿ ನಿಲ್ಲದೆ, ಕೂದಲು ಉದುರುತ್ತಿದ್ದರೆ ಜಿಂಕ್ ಕೊರತೆಯನ್ನು ವೈದ್ಯರು ನೆನೆಯುತ್ತಾರೆ. ಮಗು ಅತಿಯಾಗಿ ನೀರು ಕುಡಿದು ಅತಿಯಾಗಿ ಮೂತ್ರ ಮಾಡುತ್ತ ತೂಕ ಇಳಿಯುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಆಗಬೇಕು. ಇವೆಲ್ಲ ಅಪರೂಪ, ನಿಮ್ಮ ಪತ್ರದಲ್ಲಿ ಇವುಗಳ ಸುಳಿವು ನನಗೆ ಕಾಣಲಿಲ್ಲ.

ಪ್ರಶ್ನೆ: ನಾವು ಕುಮಟಾದವರು. ಮಗನಿಗೆ 13 ತಿಂಗಳು. ಮನೆಯಲ್ಲಿ ಹಳೆಯ ಸೀರೆಯ ಬಟ್ಟೆಯ ಲಂಗೋಟಿಯನ್ನೇ ಕಟ್ಟುತ್ತೇವೆ, ನೆನೆದು ಮೇಲಿನ ಬಟ್ಟೆ ಕೆಡದಿರಲೆಂದು ಅದರ ಮೇಲೊಂದು ಪ್ಲಾಸ್ಟಿಕ್ ಚಡ್ಡಿ. ಆದರೂ ವೈದ್ಯರು ಯೀಸ್ಟ್ ಸೋಂಕು ಎಂದರು. ಬಟ್ಟೆ ಡೈಪರಿಗಿಂತ ಒಳ್ಳೆಯದಲ್ಲವೆ? ಮಳೆಗಾಲದಲ್ಲಿ ಇವನ್ನು ಒಣಗಿಸುವುದೇ ದೊಡ್ಡ ಕಷ್ಟ.

ಉತ್ತರ: ಬಟ್ಟೆ ಒಳ್ಳೆಯದೇ, ಅದು ಒಣಗಿದ್ದರೆ ಮತ್ತು ಒದ್ದೆಯಾದ ಕೂಡಲೇ ಬದಲಿಸುವ ಕೈಗಳು ಮನೆಯಲ್ಲಿದ್ದರೆ. ನೆನೆದ ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಡೈಪರಿನ ಕೆಡುಕೆಲ್ಲ ಬರುತ್ತದೆ, ಅದರ ಅನುಕೂಲ ಮಾತ್ರ ಬರುವುದಿಲ್ಲ. ಈಗಿನ ಬಳಸಿ ಎಸೆಯುವ ಡೈಪರಿನೊಳಗಿರುವ ಹರಳು ಮೂತ್ರವನ್ನು ಹೀರಿ ಜೆಲ್ಲಿಯಾಗಿಸಿ ಚರ್ಮದಿಂದ ದೂರ ಇಡುತ್ತದೆ. ಆದ್ದರಿಂದ ಸೋಂಕು ಇರುವ ದಿನಗಳಲ್ಲಿ ರಾತ್ರಿ ಹೊತ್ತು ಒಳ್ಳೆಯ ಡೈಪರ್, ಹಗಲಲ್ಲಿ ಪ್ಲಾಸ್ಟಿಕ್ ಇಲ್ಲದ ಬರಿ ಲಂಗೋಟಿ ಅಥವಾ ಬರಿಮೈ, ಇದು ನಾನು ಹೇಳುವ ಹೊಂದಾಣಿಕೆ. ಚಡ್ಡಿಯನ್ನು ಇಂದೇ ಎಸೆಯಿರಿ.

ಬಟ್ಟೆಯ ನೂಲಿನಲ್ಲಿ ಯೀಸ್ಟ್ ಉಳಿದುಕೊಳ್ಳುತ್ತದೆ, ತಣ್ಣೀರಿನಲ್ಲಿ ಹಿಂಡಿದರೆ ಸಾಯುವುದಿಲ್ಲ. ಮಲವನ್ನು ಮೊದಲು ತೊಳೆದು ತೆಗೆದು, ಸೋಪಿನಲ್ಲಿ ಒಗೆದು, ಆಮೇಲೆ ಕುದಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಹಾಕಿ. ವಾಷಿಂಗ್ ಮಷೀನ್ ಇದ್ದರೆ 60 ಡಿಗ್ರಿಗೆ ಇಡಿ. ಕೊನೆಗೆ ಎರಡು ಮೂರು ನೀರು ಹೆಚ್ಚಾಗಿಯೇ ಜಾಲಿಸಿ, ಏಕೆಂದರೆ ಬಟ್ಟೆಯಲ್ಲಿ ಉಳಿದ ಸೋಪು ಮೂತ್ರದೊಡನೆ ಸೇರಿ ಚರ್ಮವನ್ನು ತಿನ್ನುತ್ತದೆ. ಪರಿಮಳದ ಕಂಡೀಷನರ್ ದ್ರವ ಬೇಡ. ಬಿಸಿಲಿಲ್ಲದ ದಿನ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವುವ ಪದ್ಧತಿ ನಿಮ್ಮ ಕಡೆ ಇದ್ದೇ ಇದೆ. ಹೊಗೆ ಹಿಡಿಯದಷ್ಟು ಎತ್ತರದಲ್ಲಿ ಕಟ್ಟಿದರೆ ಅದೂ ಸರಿಯೇ. ಮುಟ್ಟಿದರೆ ಒಣಗಿದಂತಿದ್ದು ಅಂಚಿನ ಹೊಲಿಗೆಯಲ್ಲಿ ತಣ್ಣಗೆ ಹತ್ತುವ ಬಟ್ಟೆ ಒಣಗಿಲ್ಲವೆಂದೇ ಲೆಕ್ಕ. ಅಂಥದಕ್ಕೆ ಬಿಸಿ ಇಸ್ತ್ರಿ ಹಾಕಿ, ಆರಿದ ಮೇಲೆ ಕಟ್ಟಿ.

ಪ್ರಶ್ನೆ: ನನ್ನ ಮೊಮ್ಮಗನಿಗೆ 10 ತಿಂಗಳು, ಇನ್ನೂ ತಾಯಿಯ ಹಾಲು ಕುಡಿಯುತ್ತಾನೆ. ತೊಡೆಸಂದಿನಲ್ಲಿ ಕೆಂಪು ಹೋಗಿ ಬಂದು ಮಾಡುತ್ತಿದೆ, ಈಗ ನಾಲಿಗೆ, ಕೆನ್ನೆಯ ಒಳಗೂ ಬಿಳಿ ಕಟ್ಟಿದೆ. ಹಿಂದೆಲ್ಲ ನಾವು ಬಿಳಿಗಾರವನ್ನು ಜೇನುತುಪ್ಪದಲ್ಲಿ ಕಲಸಿ ಬಾಯಿಗೆ ಸವರುತ್ತಿದ್ದೆವು. ಸೊಸೆ ಬೇಡವೆನ್ನುತ್ತಾಳೆ. ಯಾರು ಸರಿ?

ಉತ್ತರ: ಅಮ್ಮಾ, ಈ ಸಲ ನಿಮ್ಮ ಸೊಸೆಯೇ ಸರಿ. ಬಿಳಿಗಾರವೆಂದರೆ ಬೋರಾಕ್ಸ್, ಬಾಯಿಂದಲೂ ಗಾಯದ ಚರ್ಮದಿಂದಲೂ ಅದು ಮೈಗೆ ಸೇರಿ ಶಿಶುಗಳಿಗೆ ವಿಷವಾಗುತ್ತದೆ, ಫಿಟ್ಸ್ ಬಂದಿರುವುದೂ ಜೀವ ಹೋಗಿರುವುದೂ ಉಂಟು. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ಹನಿಯಷ್ಟೂ ಕೊಡಕೂಡದು. ಅದರಲ್ಲಿ ಇರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ಮಗುವಿನ ಸ್ನಾಯುಗಳನ್ನೇ ನಿತ್ರಾಣ ಮಾಡಬಲ್ಲವು.

ಬಿಳಿ ಕಟ್ಟಿರುವುದು ಹಾಲೋ ಸೋಂಕೋ ಎಂದು ತಿಳಿಯಲು ತೊಳೆದ ಬೆರಳಿಗೆ ಒದ್ದೆಯ ಶುಭ್ರ ಬಟ್ಟೆ ಸುತ್ತಿ ಮೆಲ್ಲನೆ ಒರೆಸಿ ನೋಡಿ. ಹಾಲಾದರೆ ಬಂದುಬಿಡುತ್ತದೆ. ಸೋಂಕಾದರೆ ಬರುವುದಿಲ್ಲ, ಬಲವಂತ ಮಾಡಿದರೆ ಕೆಳಗೆ ಕೆಂಪಾಗಿ ರಕ್ತ ಜಿನುಗುತ್ತದೆ, ಹಾಗೆ ಮಾಡಬೇಡಿ. ಬಾಯಿ ಮತ್ತು ಸಂದು ಎರಡರಲ್ಲೂ ಇರುವುದು ಒಂದೇ ಯೀಸ್ಟು. ಬಾಯಿಯಿಂದ ಕರುಳಿಗೆ, ಕರುಳಿನಿಂದ ಡೈಪರಿಗೆ ಅದು ದಿನವೂ ಇಳಿಯುತ್ತಿರುವಾಗ ಕೆಳಗೆ ಮಾತ್ರ ಕ್ರೀಮು ಹಚ್ಚುತ್ತ ಕುಳಿತರೆ ಕೆಂಪು ಹೋಗಿ ಬಂದು ಮಾಡದೆ ಮತ್ತೇನು ಮಾಡೀತು? ಬಾಯಿಗೆ ಹಾಕುವ ಹನಿಯನ್ನು ವೈದ್ಯರಿಂದ ಬರೆಸಿಕೊಂಡು, ಹಾಲು ಕುಡಿದ ಮೇಲೆ ಹಾಕಬೇಕು, ಮೊದಲಲ್ಲ. ಸೊಸೆಯ ಮೊಲೆತೊಟ್ಟಿನಲ್ಲಿ ಉರಿ, ಕೆಂಪು, ಹಾಲೂಡುವಾಗ ಚುಚ್ಚಿದಂತೆ ನೋವು ಇದೆಯೇ ಎಂದು ಕೇಳಿ. ಇದ್ದರೆ ತಾಯಿ ಮಗು ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಇಲ್ಲವಾದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇರುತ್ತದೆ. ಹಾಲೂಡುವುದನ್ನು ನಿಲ್ಲಿಸಬೇಕಾಗಿಲ್ಲ.

ನೀವು ಮಾಡಬಹುದಾದ ಕೆಲಸ ಒಂದಿದೆ. ಮಗು ಬಾಯಿಗೆ ಹಾಕುವ ಚಮಚ, ಬಾಟಲಿಯ ರಬ್ಬರ್ ನಿಪ್ಪಲ್, ಹಲ್ಲು ಬರುವಾಗ ಕಚ್ಚಲು ಕೊಟ್ಟ ಗೊಂಬೆ, ಔಷಧಿ ಹಾಕುವ ಒಳಲೆ, ಇವನ್ನೆಲ್ಲ ದಿನಕ್ಕೊಮ್ಮೆ ಕುದಿಸಿ ಒಣಗಿಸಿಡಿ. ಬೆಳ್ಳಿಯ ಒಳಲೆಯನ್ನು ಬಟ್ಟೆಯಿಂದ ಒರೆಸಿದರೆ ಸಾಕೆಂದು ಬಹಳ ಮನೆಗಳಲ್ಲಿ ನಂಬಿಕೆ. ಅದರ ಮೂತಿಯ ಒಳಗೆ ಒಣಗಿ ಅಂಟಿದ ಹಾಲು ಒರೆಸಿದರೆ ಹೋಗುವುದಿಲ್ಲ, ಅದನ್ನೂ ಕುದಿಯುವ ನೀರಿಗೇ ಹಾಕಿ.